ಅರ್ಧ ಹೋಳಿಗೆ

"ಹತ್ರಿ ಅಯ್ನಾರ, ಹಿಂದ ಕುಂದರ್ರಿ."

ಬೈಕು ಗುದ್ನಯ್ಯನ ಮೊಣಕಾಲಿಗೆ ತಾಗುವಷ್ಟು ಹತ್ತಿರ ಬಂದು ನಿಂತಿತ್ತು. ಆಗಷ್ಟೇ ಬೆಳಕು ಹರಿಯುತ್ತಿತ್ತು. ಕುಕನೂರಿನಿಂದ ಯಲಬುರ್ಗಾ ಕಡೆಗೆ ಹೋಗುವ ರಸ್ತೆಯ ಅಂಚಿನಲ್ಲಿ ಗುದ್ನಯ್ಯ ಬಿಳಿ ಧೋತರ ಎತ್ತಿ ಕಟ್ಟಿ, ಹೆಂಡತಿ ಹೇಮಾ ಹಟ ಹಿಡಿದು ಕೊಡಿಸಿದ ನೀಲಿ ಬೂಟು ಮೆಟ್ಟಿಕೊಂಡು, ಎರಡೂ ಕೈ ಬೀಸುತ್ತ ನಡೆದಿದ್ದ. ಬೈಕಿನವನು ಓಬಳೆಪ್ಪ, ಹಾಲಿನ ಕ್ಯಾನು ಕಟ್ಟಿಕೊಂಡು ದಿನಾ ಇದೇ ಹೊತ್ತಿಗೆ ಡೇರಿಗೆ ಹೋಗುವವನು.

"ಬ್ಯಾಡೋ ಓಬಳೆಪ್ಪ. ನಾ ವಾಕಿಂಗ್ ಹೊಂಟೀನಿ."

"ಎಲ್ಲಿ ತನಕರಿ?"

"ಎಲ್ಲಿ ತನಕಾನೂ ಇಲ್ಲ. ಸುಮ್ನ ಹೋಗಿ ಹೊಳ್ಳಿ ಬರೂದು."

ಓಬಳೆಪ್ಪನ ತಲೆಗೆ ಇದು ಹೋಗಲಿಲ್ಲ. "ಎಲ್ಲೀಗೂ ಹೋಗೂದಿಲ್ಲ ಅಂದ ಮ್ಯಾಲೆ ನಡದ್ಯಾಕ ದಣೀತೀರಿ? ನಾ ಗಾಡಿ ಮ್ಯಾಲೆ, ನೀವು ನೆಲದ ಮ್ಯಾಲೆ! ನಮ್ಮವ್ವ ಕಂಡ್ರ ನನ್ನ ಮನಿಯೊಳಗ ಬಿಟ್ಟುಕೊಳ್ಳೂದಿಲ್ಲರಿ. ಹತ್ರಿ ಅಂದ್ರ ಹತ್ರಿ."

ಹತ್ತುವ ತನಕ ಅವನು ಜಾಗ ಬಿಡುವವನಲ್ಲ ಎಂದು ಗುದ್ನಯ್ಯನಿಗೆ ಗೊತ್ತಿತ್ತು. ನಿನ್ನೆ ಟಂಟಂ ಆಟೋದವನೊಬ್ಬ ಹೀಗೆಯೇ ಮಾಡಿದ್ದ. ಮೊನ್ನೆ ಹೊಲಕ್ಕೆ ಹೊರಟಿದ್ದ ಹೆಣ್ಣುಮಕ್ಕಳು ದಾರಿಯಲ್ಲೇ ಬುತ್ತಿ ಇಳಿಸಿ, ಒಬ್ಬೊಬ್ಬರಾಗಿ ಕಾಲಿಗೆ ಬಿದ್ದು, ಆಶೀರ್ವಾದ ಮಾಡಿಸಿಕೊಂಡು ಹೋಗುವಷ್ಟರಲ್ಲಿ ಬಿಸಿಲೇ ಏರಿತ್ತು. ಕ್ಯಾನುಗಳ ನಡುವೆ ತನ್ನ ಭಾರೀ ದೇಹವನ್ನು ತುರುಕಿಕೊಂಡು ಗುದ್ನಯ್ಯ ಕೂತ. ಓಬಳೆಪ್ಪ ಗಾಡಿ ತಿರುಗಿಸಿದ. ಮನೆಯ ಬಾಗಿಲಲ್ಲಿ ಇಳಿದಾಗ ಹೇಮಾ ಕಸಬರಿಗೆ ಹಿಡಿದು ನಿಂತಿದ್ದಳು.

"ಇಷ್ಟ ಲಗೂನ ಬಂದ್ರಿ?"

"ಬಂದೆ ಎಲ್ಲಿ? ತಂದು ಬಿಟ್ಟಾರ," ಎಂದು ಗುದ್ನಯ್ಯ ಬೂಟು ಬಿಚ್ಚತೊಡಗಿದ. ಹೇಮಾ ನಗಲಿಲ್ಲ. ನಗುವ ದಿನಗಳಾಗಿರಲಿಲ್ಲ ಅವು.

ಗುದ್ನಯ್ಯನ ಕಾಯಕವೇ ಊಟ ಮಾಡುವುದು ಎಂದರೆ ಯಾರಿಗಾದರೂ ನಗು ಬಂದೀತು, ಆದರೆ ಅದು ನಿಜ. ಅವನು ಮಠದ ಮನೆತನದ ಜಂಗಮ. ಸುತ್ತಲಿನ ಓಣಿಗಳಲ್ಲಿ ಮದುವೆಯಾದರೂ, ಮನೆ ಕಟ್ಟಿದರೂ, ಎಮ್ಮೆ ಈದರೂ, ಯಾರಾದರೂ ತೀರಿಕೊಂಡರೂ ಮೊದಲ ತಾಟು ಅಯ್ಯನದು. ಅವನು ಉಂಡು ಕೈ ತೊಳೆದ ಮೇಲೆಯೇ ಮನೆಯ ಮಂದಿ ಉಣ್ಣಲು ಕೂಡುವುದು. ಸತ್ತವರ ದಿವಸದಲ್ಲಂತೂ ಅವರಿಗೆ ಏನು ಪ್ರೀತಿಯೋ ಅದನ್ನೇ ಮಾಡಿ ಅಯ್ಯನಿಗೆ ನೀಡುತ್ತಾರೆ. ಅಯ್ಯನ ಹೊಟ್ಟೆ ಸೇರಿದ್ದು ಸತ್ತವರ ಹೊಟ್ಟೆ ಸೇರುತ್ತದೆ ಎಂದು ಅಲ್ಲಿಯವರು ನಂಬಿದ್ದಾರೆ. ತಂದೆ ತೀರಿಕೊಂಡಾಗಿನಿಂದ ಗುದ್ನಯ್ಯ ಊರಿನ ಸುಖಕ್ಕೂ ದುಃಖಕ್ಕೂ ಹೋಳಿಗೆ ಉಂಡಿದ್ದ. ಯಾರೂ ಒತ್ತಾಯ ಮಾಡಬೇಕಾಗಿರಲಿಲ್ಲ, ನಾಲಿಗೆಯೂ ಅಂಥದ್ದೇ. ಈಗ ದೇಹ ಎರಡಾಳಿನಷ್ಟಾಗಿ, ನಾಲ್ಕು ಮೆಟ್ಟಿಲು ಹತ್ತಿದರೆ ತಿದಿ ಒತ್ತಿದ ಹಾಗೆ ಉಸಿರು ಬರುತ್ತಿತ್ತು.

ಕೊಪ್ಪಳದ ಡಾಕ್ಟರು ಮೆಹಜಬೀನ ಅವನ ಕಣ್ಣು ಮುಚ್ಚಿಸಿ ಎಡಗಾಲಿನ ಹೆಬ್ಬೆರಳಿಗೆ ಸೂಜಿ ತಾಗಿಸಿದ್ದರು. "ಚುಚ್ಚಿದ್ದು ಗೊತ್ತಾತೇನ್ರಿ?" ಎಂದು ಕೇಳಿದಾಗ ಗುದ್ನಯ್ಯ, "ಇನ್ನೂ ಚುಚ್ಚೇ ಇಲ್ಲಲ್ರಿ," ಎಂದಿದ್ದ. ಕಣ್ಣು ತೆರೆದರೆ ಬೆರಳ ಮೇಲೆ ರಕ್ತದ ಹನಿ ಇತ್ತು. ಪಕ್ಕದಲ್ಲಿ ನಿಂತಿದ್ದ ಹೇಮಾಳ ಮುಖದಿಂದಲೂ ರಕ್ತ ಇಳಿದುಹೋಗಿತ್ತು.

"ಗುಳಿಗಿ ಬರದು ಕೊಡ್ತೀನ್ರಿ. ಆದ್ರ ಮೈ ಇಳೀಲಿಲ್ಲಂದ್ರ ಗುಳಿಗಿ ಏನೂ ಮಾಡಂಗಿಲ್ಲ," ಎಂದಿದ್ದರು ಡಾಕ್ಟರು. "ಉಪವಾಸ ಹಿಡೀಬ್ಯಾಡ್ರಿ, ಅದು ಛಲೋ ಅಲ್ಲ. ಅರ್ಧಾ ತಾಟು ಪಲ್ಲೆ, ಒಂದು ರೊಟ್ಟಿ, ಕಾಳು, ಮಜ್ಜಿಗಿ. ಸಿಹಿ ಬಂದ್. ದಿನಾ ಬೆವರು ಬರೂ ಹಂಗ ನಡೀರಿ. ಸಾವಕಾಶ ಇಳೀತೈತಿ."

"ಇಳೀದಿದ್ರರಿ?"

"ನಿಮ್ಮ ಅಪ್ಪಾರಿಗೆ ಏನಾತು ಅಂತ ನೀವ ಹೇಳೀರಲ್ರಿ."

ಇದೇ ಸಕ್ಕರೆ ಕಾಯಿಲೆಗೆ ತಂದೆಯ ಒಂದು ಕಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿದ್ದರು. ಕೊನೆಯ ವರ್ಷಗಳನ್ನು ಅವರು ಪಡಸಾಲೆಯ ಮಂಚದ ಮೇಲೆ ಕಳೆದರು. ಆಗಲೂ ಭಕ್ತರು ಬರುತ್ತಿದ್ದರು, ಉಳಿದ ಒಂದೇ ಪಾದ ಮುಟ್ಟಿ ನಮಸ್ಕಾರ ಮಾಡಿ ಹೋಗುತ್ತಿದ್ದರು. ಮಂದಿ ಹೋದ ಮೇಲೆ ತಂದೆ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದುದನ್ನು ಗುದ್ನಯ್ಯ ಕಂಡಿದ್ದ. ಆ ಮಂಚ ಈಗಲೂ ಅದೇ ಪಡಸಾಲೆಯಲ್ಲಿತ್ತು. ಕೊಪ್ಪಳದಿಂದ ಬಂದ ಸಂಜೆ ಗುದ್ನಯ್ಯ ಅದರ ಮೇಲೆ ಕೂಡಲಿಲ್ಲ, ನೆಲದ ಮೇಲೆ ಕೂತು ಹೆಬ್ಬೆರಳನ್ನು ಹಿಸುಕಿ ಹಿಸುಕಿ ನೋಡಿಕೊಂಡ. ಹೆದರಿಕೆಯಿಂದ ಅವನಿಗೆ ಅಳು ಬಂದಿತ್ತು.

ರಸ್ತೆಯ ನಡಿಗೆ ಕೈಗೂಡದ್ದನ್ನು ಕಂಡು ದಾರಿ ಹುಡುಕಿದವಳು ಹೇಮಾಳೇ. "ಮಾಳಿಗಿ ಐತೆಲ್ಲ, ಮ್ಯಾಲೆ ನಡೀರಿ. ಅಲ್ಲಿ ಯಾವ ಗಾಡಿ ಬರತೈತಿ ನೋಡೂಣು," ಎಂದಳು. ಮರುದಿನದಿಂದ ಗಂಡ ಹೆಂಡತಿ ಇಬ್ಬರೂ ಮಣ್ಣಿನ ಮಾಳಿಗೆಯ ಮೇಲೆ ಸುತ್ತು ಹಾಕತೊಡಗಿದರು. ಓಣಿಯವರು ಇದು ಯಾವುದೋ ಹೊಸ ವ್ರತವೆಂದೇ ತಿಳಿದು, ಕೆಳಗಿನಿಂದಲೇ ಕೈ ಮುಗಿದು ಹೋಗುತ್ತಿದ್ದರು. ಕೈ ಮುಗಿಯಲಿ ಬಿಡಿ, ಇವರ ಕಾಲಂತೂ ನಿಲ್ಲುತ್ತಿರಲಿಲ್ಲ.

ತಾಟೂ ಬದಲಾಯಿತು. ಪುಂಡಿಪಲ್ಲೆ, ಹತ್ತರಕಿ ಸೊಪ್ಪು, ಮೊಳಕೆ ಹೆಸರು, ಸೌತೆಕಾಯಿ, ಬಿಸಿ ರೊಟ್ಟಿ. ಮೊದಮೊದಲು ಗುದ್ನಯ್ಯ ಎಮ್ಮೆಯ ಹಾಗೆ ಸೊಪ್ಪು ಮೇಯುತ್ತಿದ್ದೇನೆ ಎಂದು ಗೊಣಗಿದ. ಆಮೇಲೆ ರುಚಿ ಹತ್ತಿತು. ಊಟದ ಕರೆ ಬಂದ ಮನೆಗಳಿಗೆ ಹೇಮಾ ತಾನೇ ಮೊದಲು ಹೋಗಿ, "ಅವರ ಜೀವದ ಪ್ರಶ್ನಿ ಐತ್ರಿ, ಒತ್ತಾಯ ಮಾಡಬ್ಯಾಡ್ರಿ," ಎಂದು ಕೈ ಜೋಡಿಸಿ ಹೇಳಿ ಬರುತ್ತಿದ್ದಳು. ಅಯ್ಯ ಹೋಗುತ್ತಿದ್ದ, ಶಾಸ್ತ್ರಕ್ಕೆ ಅರ್ಧ ಹೋಳಿಗೆ ಮುರಿದು ಬಾಯಿಗೆ ಹಾಕಿಕೊಳ್ಳುತ್ತಿದ್ದ, ಹರಸಿ ಏಳುತ್ತಿದ್ದ. ಮದುವೆಯಲ್ಲೂ ಅರ್ಧ, ದಿವಸದಲ್ಲೂ ಅರ್ಧ. ಮಂದಿ ಮುಖ ಸಣ್ಣ ಮಾಡಿದರು, ಆದರೆ ಬಾಯಿ ಬಿಟ್ಟು ಏನೂ ಅನ್ನಲಿಲ್ಲ. ಮಳೆಗಾಲ ಕಳೆದು ಚಳಿ ಬೀಳುವ ಹೊತ್ತಿಗೆ ಅಂಗಿಗಳೆಲ್ಲ ಸಡಿಲಾಗಿದ್ದವು. ಮಾಳಿಗೆಯ ಮೆಟ್ಟಿಲನ್ನು ಅವನು ಮಾತಾಡುತ್ತಲೇ ಹತ್ತುತ್ತಿದ್ದ. ಒಂದು ಮುಂಜಾನೆ ಬೆರಳಿಗೆ ಇರುವೆ ಕಚ್ಚಿತು. "ಹೇಮಾ, ಉರೀತು! ಕಚ್ಚಿದ್ದು ಗೊತ್ತಾತು!" ಎಂದು ಅವನು ಕೂಗಿದ್ದಕ್ಕೆ ಹೇಮಾ ರೊಟ್ಟಿ ಹಿಟ್ಟಿನ ಕೈಯಲ್ಲೇ ಓಡಿ ಬಂದಿದ್ದಳು. ಆ ದಿನ ಇಬ್ಬರೂ ಹುಚ್ಚರ ಹಾಗೆ ನಕ್ಕಿದ್ದರು.

ಅದೇ ವಾರ ಹಿಂದಿನ ಓಣಿಯ ಸಣ್ಣವ್ವನ ಮಗ ಗಾಳೇಶ ಸತ್ತ. ಗಿಣಿಗೇರಾದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ, ಮದುವೆಯಾಗದ ಹುಡುಗ. ಬೆಳಗಿನ ಪಾಳಿಗೆ ಹೋಗುವಾಗ ಹೆದ್ದಾರಿಯಲ್ಲಿ ಲಾರಿ ಬಡಿದಿತ್ತು.

ದಿವಸದ ಊಟಕ್ಕೆ ಹೊರಡುವಾಗ ಹೇಮಾ ಒಂದೇ ಮಾತು ಹೇಳಿದಳು. "ಸಣ್ಣವ್ವನ ಮುಂದ ಹೋಗಿ ನಾ ಹೇಳಲಿಲ್ಲರಿ. ನನಗ ಬಾಯಿ ಬರಲಿಲ್ಲ. ನೀವ ಸಂಬಾಳಿಸಿಕೊಳ್ಳ್ರಿ."

ಸಣ್ಣವ್ವನ ಮನೆಯಲ್ಲಿ ಅಡ್ಡಣಿಗೆಯ ಮೇಲೆ ತಾಟು ಇಟ್ಟಿದ್ದರು. ತಾಟಿನಲ್ಲಿ ಹೋಳಿಗೆ ಇರಲಿಲ್ಲ, ಕರಿಗಡುಬು ಇತ್ತು. ತುಪ್ಪದಲ್ಲಿ ಕರಿದವು, ಇನ್ನೂ ಬಿಸಿ ಆರದವು. ಸಣ್ಣವ್ವ ಬೇರೆ ಯಾರಿಗೂ ನೀಡಲು ಬಿಡದೆ, ತಾನೇ ಬುಟ್ಟಿ ಹಿಡಿದು ಎದುರಿಗೆ ಕೂತಳು. ಅವಳು ಅಳುತ್ತಿರಲಿಲ್ಲ. ಮಣ್ಣು ಮಾಡಿ ಬಂದಾಗಿನಿಂದ ಅತ್ತೇ ಇಲ್ಲ, ಒಂದು ತುತ್ತು ನುಂಗಿಲ್ಲ ಎಂದು ಬಾಗಿಲಲ್ಲಿ ಯಾರೋ ಪಿಸುಗುಟ್ಟಿದ್ದರು. ಗುದ್ನಯ್ಯ ಒಂದು ಕಡುಬು ಮುರಿದು ಅರ್ಧ ತಿಂದ. ಪಲ್ಲೆ ಮುಟ್ಟಿದ. ಕೈ ಹಿಂದೆ ತೆಗೆದು, "ಸಾಕು ಯವ್ವಾ," ಎಂದ.

ಸಣ್ಣವ್ವ ತಾಟನ್ನೇ ನೋಡುತ್ತಿದ್ದಳು. "ಅರ್ಧಾದಾಗ ಅವನ ಹೊಟ್ಟಿ ತುಂಬೂದಿಲ್ಲರಿ."

"ನನಗ ಸಕ್ಕರಿ ಬ್ಯಾನಿ ಐತೆವ್ವ. ಕಾಲು ಹೋಗತೈತಿ ಅಂದಾರ ಡಾಕ್ಟರು."

"ಗೊತ್ತೈತ್ರಿ ಅಯ್ನಾರ. ನಾ ನಿಮಗ ನೀಡಾಕತ್ತಿಲ್ಲರಿ, ಅವಗ ನೀಡಾಕತ್ತೀನಿ." ಅವಳ ದನಿ ಏರಲೂ ಇಲ್ಲ, ನಡುಗಲೂ ಇಲ್ಲ. "ಅವತ್ತ ಮುಂಜಾನಿ ಕಡಬು ಕರ್ಯಾಕ ಕುಂತಿದ್ದೆ. ಎರಡ ತಿಂದು ಹೋಗಪಾ ಅಂದೆ. ಹೊತ್ತಾತು, ಬಂದು ತಿಂತೀನಿ, ಮುಚ್ಚಿಡು ಅಂದ. ಬರೇ ಹೊಟ್ಟೀಲೆ ಹೋದನ್ರಿ."

ಗುದ್ನಯ್ಯ ಉಳಿದರ್ಧ ತಿಂದ. ಅವಳು ಇನ್ನೊಂದು ಹಾಕಿದಳು. ಅದನ್ನೂ ತಿಂದ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ತಿಂಗಳುಗಟ್ಟಲೆ ಅರ್ಧ ಹೋಳಿಗೆಯಾಚೆ ಸಿಹಿ ಕಾಣದ ನಾಲಿಗೆಗೆ ಬೆಲ್ಲ, ಏಲಕ್ಕಿ, ತುಪ್ಪ ಹತ್ತಿದೊಡನೆ ಅದು ನಾಚಿಕೆ ಬಿಟ್ಟು ಕುಣಿಯಿತು. ಸತ್ತ ಹುಡುಗನ ತಟ್ಟೆಯ ಮುಂದೆ ಕೂತು ತನಗೆ ಇಷ್ಟು ರುಚಿಯಾಗುತ್ತಿದೆಯಲ್ಲ ಎಂದು ತನ್ನ ಮೇಲೆ ತನಗೇ ಹೇಸಿಗೆಯಾಗಿ ಗುದ್ನಯ್ಯ ತಲೆ ಎತ್ತಲಿಲ್ಲ. ಬುಟ್ಟಿ ಬರಿದಾದಾಗ ಸಣ್ಣವ್ವ, "ಉಂಡ ನನ್ನ ಮಗ," ಎಂದಳು. ಹಾಗೆಂದವಳೇ ನೆಲಕ್ಕೆ ಹಣೆ ಹಚ್ಚಿ ಊರಿಗೆ ಕೇಳುವ ಹಾಗೆ ಅತ್ತಳು. ಅತ್ತು ಮುಗಿಸಿ, ಮಂದಿಯ ಜೊತೆಗೆ ಕೂತು ಅನ್ನ ಉಂಡಳು.

ಮನೆಯಲ್ಲಿ ಹೇಮಾ ಅವನ ಮುಖ ನೋಡಿಯೇ ತಿಳಿದುಕೊಂಡಳು. ಬೈಯಲಿಲ್ಲ. ಎರಡು ದಿನ ಅವನ ಮೈ ಹೊರಲಾರದ ಹೊರೆಯಾಯಿತು, ಕಾಲಿಗೆ ಮತ್ತೆ ಜೋಮು ಹಿಡಿಯಿತು. ಫೋನು ಮಾಡಿದರೆ ಡಾಕ್ಟರು ಕೂಗಾಡದೆ, "ಒಂದು ಊಟಕ್ಕ ಎಲ್ಲಾ ಕೆಟ್ಟು ಹೋಗೂದಿಲ್ಲರಿ. ನಾಳಿಂದ ಮತ್ತ ಸುರು ಮಾಡ್ರಿ. ಆದ್ರ ಇದು ರೂಢಿ ಆಗಬಾರದು," ಎಂದರು. ಗುದ್ನಯ್ಯನ ಜೀವಕ್ಕೆ ಸಮಾಧಾನವಾಯಿತು. ಮತ್ತೆ ಮಾಳಿಗೆ ಹತ್ತಿದ. ಮತ್ತೆ ಪುಂಡಿಪಲ್ಲೆ ಉಂಡ.

ಸೋಮವಾರ ಪೂಜೆ ಮುಗಿಸಿ ಅವನು ಪಡಸಾಲೆಗೆ ಬರುವ ಹೊತ್ತಿಗೆ ಹೊಸ್ತಿಲಾಚೆ ಶಾಂತಕ್ಕ ನಿಂತಿದ್ದಳು. ಕಾಳುಕಡಿ ದಲಾಲಿಯ ಅಡತಿ ಅಂಗಡಿ ಇಟ್ಟಿದ್ದ ಕೊಟ್ರಪ್ಪನ ಹೆಂಡತಿ. ಶ್ರಾವಣದಲ್ಲಿ ಕೊಟ್ರಪ್ಪ ತೀರಿಕೊಂಡಾಗ ದಿವಸದ ಊಟಕ್ಕೆ ಕೂತವನು ಗುದ್ನಯ್ಯನೇ. ಅವಳ ಕೈಯಲ್ಲಿ ಬಿಳಿ ಬಟ್ಟೆ ಮುಚ್ಚಿದ ಡಬ್ಬಿ ಇತ್ತು.

"ಒಳಗ ಬಾರವ್ವ," ಎಂದ ಗುದ್ನಯ್ಯ.

"ಬೈಯಾಕ ಬಂದಿಲ್ಲರಿ ಅಯ್ನಾರ," ಎಂದು ಶಾಂತಕ್ಕ ಅಲ್ಲಿಯೇ ಶುರು ಮಾಡಿದಳು. "ಸಣ್ಣವ್ವನ ಮಗಗ ಹೊಟ್ಟಿತುಂಬ ಆತಂತ. ಓಣ್ಯಾಗೆಲ್ಲ ಅದ ಮಾತು. ಛಲೋ ಆತ್ರಿ, ಎಳೀ ಹುಡುಗ. ಆದ್ರ ನಮ್ಮವರೇನು ಪಾಪ ಮಾಡಿದ್ರಿ? ಅವತ್ತ ಅರ್ಧಾ ಹೋಳಗಿ ತಿಂದು ಎದ್ರಿ ನೀವು. ನಿಮಗ ಆರಾಮಿಲ್ಲ ಅಂತ ನಾ ಸುಮ್ನಿದ್ದೆ. ಈಗ ಕಣ್ಣ ಮುಚ್ಚಿದ್ರ ಸಾಕು, ತಾಟಿನ ಮುಂದ ಕುಂತು ನನ್ನ ಮಾರಿ ನೋಡ್ತಾರ್ರಿ. ಅರೆಹೊಟ್ಟೀಲೆ ಕುಂತಾರ ಅವರು." ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಹಾಲು ತುಪ್ಪಾನೂ ತಂದೀನ್ರಿ. ಅವರು ಹಂಗ ತಿಂತಿದ್ರು."

ಅವಳ ಹಿಂದೆ, ಕಟ್ಟೆಯ ಕೆಳಗೆ, ಇನ್ನೂ ಇಬ್ಬರು ಹೆಂಗಸರು ನಿಂತಿದ್ದರು. ಅವರ ಕೈಯಲ್ಲೂ ಮುಚ್ಚಿದ ಪಾತ್ರೆಗಳು. ಗುದ್ನಯ್ಯನಿಗೆ ಆ ಮನೆಗಳೂ ನೆನಪಾದವು. ಅಲ್ಲೂ ಅರ್ಧ ತಿಂದೇ ಎದ್ದಿದ್ದ.

ನಾನು ಉಂಡದ್ದು ನನ್ನ ಹೊಟ್ಟೆಗಷ್ಟೇ ಹೋಗುತ್ತದೆ ತಾಯಿ, ಇನ್ನಾರಿಗೂ ಮುಟ್ಟುವುದಿಲ್ಲ. ಇಷ್ಟೇ ಹೇಳಿದರೆ ಸಾಕಿತ್ತು. ಆದರೆ ಇಲ್ಲಿ ಆಡಿದ ಮಾತು ರೊಟ್ಟಿ ಬೇಯುವುದರೊಳಗೆ ಹಿಂದಿನ ಓಣಿಗೆ ಹೋಗುತ್ತದೆ. ಸಣ್ಣವ್ವ ನಿನ್ನೆಯಷ್ಟೇ ತಲೆ ಬಾಚಿಕೊಂಡು ನೀರಿಗೆ ಹೊರಟಿದ್ದನ್ನು ಅವನು ಮಾಳಿಗೆಯ ಮೇಲಿಂದ ಕಂಡಿದ್ದ. ನಿನ್ನ ಮಗ ಉಣ್ಣಲಿಲ್ಲ, ಹಸಿದೇ ಹೋದ ಎಂದು ಅವಳಿಗೆ ಯಾವ ಬಾಯಿಂದ ಹೇಳುವುದು?

ಅವನು ಹೇಮಾಳ ಕಡೆ ನೋಡಿದ. ಇಷ್ಟು ದಿನ ಮನೆ ಮನೆ ತಿರುಗಿ ಬೇಡ ಎಂದವಳು ಅವಳೇ, ಇವತ್ತೂ ಅವಳೇ ಹೇಳಲಿ ಎಂದು ಕಾದ. ಹೇಮಾ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊಸ್ತಿಲ ತನಕ ಹೋದಳು. ಏನೋ ಹೇಳಲು ಬಾಯಿ ತೆರೆದಳು. ಶಾಂತಕ್ಕ ಅವಳ ಮುಖವನ್ನೇ ನೋಡುತ್ತ ಡಬ್ಬಿಯನ್ನು ಮುಂದೆ ಚಾಚಿದಳು.

ಹೇಮಾ ಡಬ್ಬಿಯನ್ನು ಎರಡೂ ಕೈಯಿಂದ ಇಸಿದುಕೊಂಡಳು. ಒಳಗೆ ಹೋಗಿ ಅಡ್ಡಣಿಗೆ ತಂದು ಗಂಡನ ಮುಂದಿಟ್ಟಳು, ತಾಟು ಒರೆಸಿ ಅದರ ಮೇಲಿಟ್ಟಳು. ಆಮೇಲೆ ತಂಬಿಗೆ ಬಾಗಿಸಿ, ಅವನ ಕಣ್ಣು ನೋಡದೆ, ಅವನು ಚಾಚಿದ ಬಲಗೈಗೆ ನೀರು ಹಾಕತೊಡಗಿದಳು.