ಆವಲಪ್ಪ ಮೇಷ್ಟ್ರ ಕಾಗದದ ಆನೆಗಳು

ಚಟ್ಟದ ಬಿದಿರಿಗೆ ಹಗ್ಗ ಬಿಗಿಯುತ್ತಿದ್ದ ಪಿಳ್ಳಪ್ಪ ತಲೆ ಎತ್ತದೆಯೇ, "ಆ ತುದಿ ಬಿಡಿ ಗೌಡ್ರೇ, ನಾವು ನೋಡ್ಕೋತೀವಿ" ಅಂದ.

ಗೋಪಾಲಪ್ಪ ಬಿಟ್ಟ. ಊರಿಗೇ ಯಜಮಾನ ಅನ್ನಿಸಿಕೊಂಡವನು ಸಾವಿನ ಮನೆಯ ಮುಂದೆ ಕೈ ಎಲ್ಲಿಡಬೇಕೆಂದು ತಿಳಿಯದೆ ನಿಂತ. ಅವನಿಗೆ ಬೇಕಾಗಿದ್ದು ಇಷ್ಟೇ: ಎಲ್ಲರಂತೆ ಆವಲಪ್ಪ ಮೇಷ್ಟ್ರ ಬಾಯಿಗೆ ನಾಲ್ಕು ಕಾಳು ಅಕ್ಕಿ ಹಾಕಿ, ಸ್ಕೂಲಿನ ಆ ದಿನದ ಮಾತು ಬರುವ ಮೊದಲೇ ಮನೆ ಸೇರುವುದು. ಬಾರದೆ ಇರುತ್ತದೆಯೇ? ಜಗಲಿಯ ಮೇಲೆ ಹೆಂಗಸರು ಅದನ್ನೇ ಪಿಸುಗುಡುತ್ತಿದ್ದರು. ಅವತ್ತಿನಿಂದ ಮೇಷ್ಟ್ರು ಮಕ್ಕಳಿಗೆ ಮಗ್ಗಿ ಬಿಟ್ಟರೆ ಬೇರೇನನ್ನೂ ಹೇಳಿಕೊಡಲಿಲ್ಲವಂತೆ. ತಾನು ಹೇಳಿದ್ದು ಸರಿಯೇ, ಆದರೂ ಮನುಷ್ಯನನ್ನು ಅಷ್ಟು ಕುಗ್ಗಿಸಬಾರದಿತ್ತು ಎಂದು ಗೋಪಾಲಪ್ಪನಿಗೆ ನಾಚಿಕೆಯಾಯಿತು.

*

ಅದು ನಡೆದದ್ದು ಯುದ್ಧದ ಕಾಲದಲ್ಲಿ. ಬಣ್ಣದ ಕಾಗದ ಹಾಗಿರಲಿ, ಬರೆಯುವ ಹಾಳೆಯೂ ತ್ಯಾಮಗೊಂಡ್ಲು ಸಂತೆಯಲ್ಲಿ ಸಿಗುತ್ತಿರಲಿಲ್ಲ. ಮೇಷ್ಟ್ರು ಹರಿದ ಪುಸ್ತಕಗಳನ್ನೆಲ್ಲ ಕಲ್ಲುಬಾನಿಯಲ್ಲಿ ನೆನೆಹಾಕಿ, ಮೆಂತ್ಯದ ಹಿಟ್ಟು ಸುರಿದು, ತುಳಿಯಿರೆಂದು ಮಕ್ಕಳನ್ನು ಇಳಿಸಿದ್ದರು. ಆ ಮುದ್ದೆಯನ್ನು ಮಡಕೆಯ ಬೆನ್ನಿಗೆ ಮೆತ್ತಿ ಒಣಗಿಸಿದರೆ ಆನೆಯ ಮುಖವಾಡ. ಮಕ್ಕಳ ಕುಣಿತವೋ ಕುಣಿತ!

ದಾರಿಯಲ್ಲಿ ಹೋಗುತ್ತಿದ್ದ ಗೋಪಾಲಪ್ಪನಿಗೆ ಕಂಡದ್ದು ಮಾತ್ರ ಅಕ್ಷರದ ಮೇಲೆ ಕಾಲು. ಮೈಯೆಲ್ಲ ಉರಿದುಹೋಯಿತು.

"ಸರಸ್ವತೀನ ತುಳಿಸ್ತೀರೇನ್ರೀ? ಕಿವಿ ಹಿಡ್ಕೊಳ್ಳಿ."

ಮೇಷ್ಟ್ರು ಏನೋ ಹೇಳಲು ಬಾಯಿ ತೆರೆದರು. ಆಮೇಲೆ ಸುಮ್ಮನಾಗಿ, ಮಕ್ಕಳ ಎದುರೇ ಕಿವಿ ಹಿಡಿದುಕೊಂಡರು. ಒಣಗಲಿಟ್ಟಿದ್ದ ಆನೆಗಳೆಲ್ಲ ತಿಪ್ಪೆ ಸೇರಿದವು. ಊರಿನ ಮಾನ ಉಳಿಸಿದವನ ಹಾಗೆ ಗೋಪಾಲಪ್ಪ ಅವತ್ತು ಒಂದು ಮುದ್ದೆ ಹೆಚ್ಚಿಗೆ ಉಂಡ. ಹೆಂಡತಿ ಮುನಿವೆಂಕಟಮ್ಮ ಬಡಿಸಿದವಳೇ ಹಿತ್ತಲಿಗೆ ಎದ್ದುಹೋದಳು.

*

ಬಾಯಿಗೆ ಅಕ್ಕಿ ಹಾಕುವ ಹೊತ್ತಾಯಿತು. ಮುನಿವೆಂಕಟಮ್ಮ ಮೊರದಲ್ಲಿ ಅಕ್ಕಿ ತಂದು, ನಿಂತವರ ಮುಂದೆ ಒಬ್ಬೊಬ್ಬರಿಗೂ ಹಿಡಿಯುತ್ತ ಬಂದಳು. ಗೋಪಾಲಪ್ಪ ಮೊರಕ್ಕೆ ಕೈಹಾಕಿ ನಾಲ್ಕು ಕಾಳು ತೆಗೆದುಕೊಂಡ. ಅಕ್ಕಿ ಸರಿದ ಜಾಗದಲ್ಲಿ, ಮೊರಕ್ಕೆ ಮೆತ್ತಿದ್ದ ಕಾಗದದ ನಡುವೆ ಅರ್ಧಂಬರ್ಧ ಅಚ್ಚಿನ ಅಕ್ಷರಗಳು ಕಂಡವು.

"ಇದು ಯಾರ ಮನೇದು?"

"ನಮ್ದೇ," ಅಂದಳು ತಗ್ಗಿದ ದನಿಯಲ್ಲಿ. "ಮೊರದ ಸಂದಿ ಮುಚ್ಚಕ್ಕೆ ವರ್ಷಾ ವರ್ಷಾ ಮೆತ್ತೋದು. ಹಳೇ ಪುಸ್ತಕ, ಮೆಂತ್ಯ."

"ಕೈಯಲ್ಲಿ ಕಲಸ್ತೀಯ?"

"ಅಷ್ಟು ಕಾಗದ ಕೈಗೆ ಬಗ್ಗುತ್ತಾ? ತುಳೀತೀನಿ. ಮೇಷ್ಟ್ರಿಗೆ ಹೇಳಿಕೊಟ್ಟಿದ್ದೇ ನಾನು."

ಗೋಪಾಲಪ್ಪ ಕಾಳು ಹಿಡಿದ ಮುಷ್ಟಿ ಬಿಗಿದ. "ಅವತ್ತು ಅವರು ನಿನ್ನ ಹೆಸರು ಹೇಳ್ಲಿಲ್ಲವಲ್ಲ."

"ಹೇಳಿದ್ರೆ ನನ್ನ ಸುಮ್ನೆ ಬಿಡ್ತಿದ್ರಾ ನೀವು?"

ಅವಳು ಮೊರವನ್ನು ಪಕ್ಕದವನ ಮುಂದೆ ಹಿಡಿದಳು. ಹಿಂದಿನಿಂದ ಯಾರೋ, ಹೊತ್ತಾಗ್ತಿದೆ ಗೌಡ್ರೇ ಅಂದರು. ಗೋಪಾಲಪ್ಪ ಬಗ್ಗಿ, ಮೇಷ್ಟ್ರ ತುಟಿಯ ಮೇಲೆ ಮುಷ್ಟಿ ಬಿಚ್ಚಿದ. ಬೆವತ ಅಂಗೈಗೆ ಅಕ್ಕಿ ಕಚ್ಚಿಕೊಂಡಿತ್ತು, ಒಂದು ಕಾಳೂ ಉದುರಲಿಲ್ಲ.