ಮಾತಿನ ಗುಳ್ಳೆಯ ಅಳತೆ

ನಮ್ಮ ರೊಸಾರಿಯೊ ಊರಲ್ಲಿ ಕಾಮಿಕ್ಸ್ ಓದಿ ಬೆಳೆದ ನಾವೆಲ್ಲ ದೆಲ್ಫಿನಾಳ ಕೈಬರಹ ಓದಿಯೇ ಬೆಳೆದವರು. ಅವಳ ಹೆಸರು ಮಾತ್ರ ಒಬ್ಬರಿಗೂ ಗೊತ್ತಿಲ್ಲ. ಚಿತ್ರ ಬರೆದವನ ಹೆಸರು ಮುಖಪುಟದಲ್ಲಿ ದಪ್ಪಗೆ ಇರುತ್ತಿತ್ತು, ಕಥೆ ಕಟ್ಟಿದವನದು ಅದರ ಕೆಳಗೆ. ಪಾತ್ರಗಳ ಬಾಯಿಂದ ಹೊರಡುವ ಗುಳ್ಳೆಯೊಳಗೆ ಮಾತು ತುಂಬಿದವಳ ಹೆಸರು ಹುಡುಕಿದರೂ ಸಿಗುತ್ತಿರಲಿಲ್ಲ. ಕುದುರೆ ಸವಾರರ ಕೂಗು, ಪತ್ತೇದಾರರ ಗೊಣಗಾಟ, ಸಾಯುವ ನಾಯಕಿಯರ ಕೊನೆಯ ಮಾತು, ಎಲ್ಲವೂ ಇಳಿದದ್ದು ಅವಳ ನಿಬ್ಬಿನಿಂದಲೇ. ಇದು ಯಾವ ಸೀಮೆಯ ನ್ಯಾಯವೋ! ಆಮೇಲೆ ಕಂಪ್ಯೂಟರ್ ಬಂತು, ಕೈಯಲ್ಲಿ ಅಕ್ಷರ ಬರೆಯುವವರ ಹೊಟ್ಟೆಯ ಮೇಲೆ ಕಲ್ಲು ಬಿತ್ತು. ಕೊನೆಗೆ ಅವಳಿಗೆ ಉಳಿದ ಗಿರಾಕಿ ಒಬ್ಬಳೇ, ಚಿತ್ರ ಬರೆಯುವ ಮಗಳು ಮಿರ್ತಾ.

ಅವರಿಬ್ಬರ ಕೆಲಸಕ್ಕೆ ಒಂದು ಕ್ರಮವಿತ್ತು. ಮಿರ್ತಾ ಮೊದಲು ಮಾತು ಯೋಚಿಸುವಳು. ಆ ಮಾತು ಹಿಡಿಸುವಷ್ಟು ಗುಳ್ಳೆ ಬರೆದು ಖಾಲಿ ಬಿಡುವಳು. ಮಾತನ್ನು ಬೇರೆ ಚೀಟಿಯಲ್ಲಿ ಗೀಚಿ ಕೊಡುವಳು. ದೆಲ್ಫಿನಾ ಪೆನ್ಸಿಲ್‌ನಿಂದ ಸಣ್ಣ ಗೆರೆ ಎಳೆದುಕೊಂಡು ಅದನ್ನು ಒಳಗೆ ಕೂರಿಸುವಳು. ಗುಳ್ಳೆ ಕೂದಲೆಳೆಯಷ್ಟು ಹೆಚ್ಚಾದರೂ ತಾಯಿಯ ಬೈಗುಳ ತಪ್ಪುತ್ತಿರಲಿಲ್ಲ.

ನಮ್ಮ ಕಡೆ ಚಳಿ ಕಾಲಿಡುವ ಮೇ ತಿಂಗಳಲ್ಲಿ ದೆಲ್ಫಿನಾಳಿಗೆ ಹೊಟ್ಟೆನೋವು ಶುರುವಾಯಿತು, ಕಣ್ಣು ಹಳದಿಯಾಯಿತು. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರು ಅವಳನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ, ಮಗ ಒಸ್ವಾಲ್ದೊನನ್ನೂ ಮಗಳನ್ನೂ ಒಳಗೆ ಕರೆದರು. ನಮ್ಮ ಕಡೆ ರೂಢಿಯೇ ಹಾಗೆ. ಕೆಟ್ಟ ಸುದ್ದಿ ಮೊದಲು ಮನೆಯವರಿಗೆ ತಿಳಿಯುತ್ತದೆ. ಕಾಯಿಲೆಯವರಿಗೆ ಹೇಳುವುದೋ ಬಿಡುವುದೋ ಮನೆಯವರ ಇಷ್ಟ. ಕ್ಯಾನ್ಸರ್, ಹಬ್ಬಿದೆ, ಕತ್ತರಿಸಿ ತೆಗೆಯುವ ಹಂತ ದಾಟಿದೆ, ಡಿಸೆಂಬರಿನ ಬೇಸಿಗೆ ಕಾಣುವುದು ಕಷ್ಟ ಎಂದರು ಡಾಕ್ಟರು. ಒಸ್ವಾಲ್ದೊ ಗೋಡೆಯ ಕಡೆ ತಿರುಗಿ ಅತ್ತ. ಆಮೇಲೆ ಮುಖ ಒರೆಸಿಕೊಂಡು, "ಅಮ್ಮಂಗೆ ಪಿತ್ತಕೋಶದ ಊತ ಅಂತ ಹೇಳಿ ಡಾಕ್ಟ್ರೇ. ನಿಜ ಗೊತ್ತಾದ್ರೆ ಇವತ್ತೇ ಹೋಗ್ಬಿಡ್ತಾಳೆ," ಎಂದ.

"ಹೇಳಬಾರ್ದಾ ಅವಳಿಗೆ? ಅವಳ ಮೈ ಕಣೋ ಅದು," ಎಂದಳು ಮಿರ್ತಾ.

"ಅಜ್ಜಿ ವಿಷಯದಲ್ಲಿ ಅಮ್ಮ ಏನು ಮಾಡಿದ್ಲು, ನೆನಪಿದೆ ತಾನೇ? ಬಾಯಿ ಮುಚ್ಕೊಂಡಿರು."

ನೆನಪಿಲ್ಲದೆ ಏನು? ಅಜ್ಜಿಗೂ ಇಂಥದೇ ಕಾಯಿಲೆ. ಅಜ್ಜಿಗೆ ತಿಳಿಯಬಾರದು ಎಂದು ದೆಲ್ಫಿನಾ ಮನೆಮಂದಿಗೆಲ್ಲ ಆಣೆ ಹಾಕಿಸಿದ್ದಳು. ದೆಲ್ಫಿನಾಳ ತಂಗಿ ನೆಲಿ ಮಾತ್ರ ಅಜ್ಜಿಯ ಮಂಚದ ಮೇಲೆ ಕೂತು ಇದ್ದದ್ದನ್ನು ಇದ್ದಹಾಗೆ ಹೇಳಿಬಿಟ್ಟಳು. ಅಜ್ಜಿ ಅದೇ ವಾರ ತೀರಿಕೊಂಡಳು. "ಅಮ್ಮನ್ನ ಕೊಂದೋಳು ನೀನೇ," ಎಂದು ದೆಲ್ಫಿನಾ ಸಾವಿನ ಮನೆಯಲ್ಲೇ ಎಲ್ಲರೆದುರು ಕಿರುಚಿದ್ದಳು. ಅಂದಿನಿಂದ ಮಾತಿಲ್ಲ, ಕತೆಯಿಲ್ಲ. ನೆಲಿ ಇರುವುದೇನು ದೂರದೇಶದಲ್ಲೇ? ನದಿಯ ಸೇತುವೆ ದಾಟಿದರೆ ಅವಳ ಊರು ವಿಕ್ಟೋರಿಯಾ, ಬಸ್ಸಿನಲ್ಲಿ ಒಂದೂವರೆ ತಾಸಿನ ದಾರಿ.

ಹೀಗಾಗಿ ಮಿರ್ತಾ ಒಪ್ಪಿದಳು. ಆದರೆ ಮನೆಯಲ್ಲಿ ಅಳುವಂತಿಲ್ಲವಲ್ಲ, ಅವಳು ಚಿತ್ರ ಬರೆಯತೊಡಗಿದಳು. ಆಸ್ಪತ್ರೆಯ ಬೆಂಚಿನಲ್ಲಿ ತೂಕಡಿಸುವವರು, ನರ ಸಿಗದೆ ಬೆವರುವ ನರ್ಸು, ದೊಡ್ಡ ಯಂತ್ರದ ಬಾಯೊಳಗೆ ಮೆಲ್ಲಗೆ ಜಾರುವ ತಾಯಿಯ ಪಾದಗಳು. ಊರಿನ ಪತ್ರಿಕೆಯೊಂದು ವಾರಕ್ಕೊಂದು ಪುಟ ಕೇಳಿತು. ಮೊದಮೊದಲು ಮಿರ್ತಾಳಿಗೆ ಹೆದರಿಕೆಯಿತ್ತು, ದೆಲ್ಫಿನಾಳಿಗೋ ಖುಷಿಯೋ ಖುಷಿ. ತಾನು ವಾಂತಿ ಮಾಡುವ ಚಿತ್ರಕ್ಕೂ ತಾನೇ ಮಾತು ಬರೆದು, "ಲೇ, ನನ್ನ ಮೂಗು ಇಷ್ಟುದ್ದ ಇದ್ಯೇನೇ? ನಿಮ್ಮಪ್ಪನ ಮೇಲಿನ ಸಿಟ್ಟು ನನ್ನ ಮೂಗಿನ ಮೇಲೆ ತೀರಿಸ್ಕೊಂಡ್ಯಾ?" ಎಂದು ನಗುತ್ತಿದ್ದಳು. ಆ ನಗು ಕೇಳಿದಾಗೆಲ್ಲ ಮಿರ್ತಾ ಪೆನ್ಸಿಲ್ ಚೂಪು ಮಾಡುವ ನೆವದಲ್ಲಿ ಎದ್ದು ಹೋಗುತ್ತಿದ್ದಳು.

ಜುಲೈ ಹೊತ್ತಿಗೆ ದೆಲ್ಫಿನಾ ಹಾಸಿಗೆ ಹಿಡಿದಳು. ಆದರೂ ಒಂದೇ ಜಪ. "ಈ ಚಳಿ ಕಳೀಲಿ, ಸೆಪ್ಟೆಂಬರ್ ಬಿಸಿಲು ಬರ್ಲಿ, ಸ್ವಲ್ಪ ಮೈ ತುಂಬ್ಲಿ, ನೆಲಿ ಮನೆಗೆ ಹೋಗ್ಬರ್ತೀನಿ. ಈ ಮೂಳೆ ಮುಖ ಹೊತ್ಕೊಂಡು ಹೋದ್ರೆ ಕರುಣೆ ಬೇಡೋಕೆ ಬಂದ್ಲು ಅಂದ್ಕೋತಾಳೆ ಆ ಗಯ್ಯಾಳಿ."

"ಹೋಗುವಿಯಂತೆ ಬಿಡಮ್ಮ," ಎನ್ನುತ್ತಿದ್ದಳು ಮಿರ್ತಾ. ಏನು ಹೇಳಿಯಾಳು ಪಾಪ!

ಒಂದು ಪುಟವನ್ನು ಮಾತ್ರ ಅವಳು ತಾಯಿಗೆ ತೋರಿಸಿರಲಿಲ್ಲ. ಡಾಕ್ಟರ ಕೋಣೆಯ ಪುಟ. ಎಲ್ಲಕ್ಕಿಂತ ಮೊದಲು ಬರೆದದ್ದು ಅದನ್ನೇ, ಶಾಯಿ ತೀಡಿ ಮುಗಿಸಿಯೂ ಆಗಿತ್ತು. ಪತ್ರಿಕೆಯವರು ಕಾಯಿಲೆ ಶುರುವಾದ ದಿನದ ಪುಟ ಬೇಕೇ ಬೇಕು ಎಂದು ಕೂತರು. ಹೊಸದಾಗಿ ಬರೆಯಲು ಮಿರ್ತಾಳಿಗೆ ಕೈ ಬರಲಿಲ್ಲ. ಇದ್ದ ಪುಟಕ್ಕೇ ಸುಳ್ಳು ಮಾತಿನ ಚೀಟಿ ಬರೆದಳು. 'ಪಿತ್ತಕೋಶದ ಊತ. ಪಥ್ಯ ಮಾಡಲಿ.' ಎರಡನ್ನೂ ತಾಯಿಯ ಕೈಗಿಟ್ಟು ಮಾಟೆ ಕಷಾಯಕ್ಕೆ ನೀರು ಕಾಯಿಸಲು ಒಳಗೆ ಹೋದಳು. ಅಷ್ಟು ವರ್ಷ ಅವಳ ಜೊತೆ ಕೆಲಸ ಮಾಡಿ, ಇಂಥ ಪೆದ್ದುತನ ಹೇಗೆ ಮಾಡಿದಳೋ!

ವಾಪಸು ಬಂದರೆ ದೆಲ್ಫಿನಾ ದಿಂಬಿಗೊರಗಿ, ಮಡಿಲಲ್ಲಿ ಹಲಗೆ ಇಟ್ಟುಕೊಂಡು ಪುಟವನ್ನೇ ನೋಡುತ್ತಿದ್ದಳು. ನಿಬ್ಬು ಒಣಗಿತ್ತು.

"ಮಿರ್ತಾ, ಈ ಗುಳ್ಳೆ ಯಾರ ಅಳತೆಗೆ ಹೊಲಿಸಿದ್ದು?"

"ಸ್ವಲ್ಪ ದೊಡ್ಡದಾಯ್ತಮ್ಮ. ಕೈ ತಪ್ಪಿತು."

"ನಿನ್ನ ಕೈ ತಪ್ಪೋದು ನಂಗೊತ್ತು. ಕೂದಲೆಳೆಯಷ್ಟು ತಪ್ಪುತ್ತೆ. ಇದರಲ್ಲಿ ಆರು ಸಾಲಿನ ಜಾಗ ಇದೆ, ನೀನು ಕೊಟ್ಟಿರೋದು ಒಂದೂವರೆ ಸಾಲು. ಮಿಕ್ಕಿದ್ದು ಎಲ್ಲಿ?"

ಮಿರ್ತಾ ಮಾಟೆ ಲೋಟವನ್ನು ಮೇಜಿನ ಮೇಲಿಟ್ಟಳು.

"ನಿನ್ನಣ್ಣ ಗೋಡೆಗೆ ಮುಖ ಮಾಡಿದಾನೆ. ನೀನು ಬಾಯಿಗೆ ಕೈ ಅಡ್ಡ ಇಟ್ಕೊಂಡಿದೀಯ. ಪಿತ್ತಕೋಶ ಊದ್ಕೊಂಡ್ರೆ ಯಾರಾದ್ರೂ ಈ ಪಾಟಿ ಅಳ್ತಾರೇನೇ?" ದೆಲ್ಫಿನಾ ಪೆನ್ಸಿಲ್ ಚಾಚಿದಳು. "ಡಾಕ್ಟ್ರು ಏನಂದ್ರೋ ಅದನ್ನ ಬರಿ."

"ಬೇಡಮ್ಮ, ದಮ್ಮಯ್ಯ."

"ಬರಿ ಅಂದ್ರೆ ಬರಿ!"

ಮಿರ್ತಾ ಮಂಚದ ಪಕ್ಕ ಮೊಣಕಾಲೂರಿ ಬರೆದಳು. ಕ್ಯಾನ್ಸರ್ ಎಂದು ಬರೆದಳು, ಹಬ್ಬಿದೆ ಎಂದು ಬರೆದಳು, ಬೇಸಿಗೆ ಕಾಣುವುದು ಕಷ್ಟ ಎಂದೂ ಬರೆದಳು. ಕಣ್ಣೀರು ಕಾಗದದ ಮೇಲೆ ಬೀಳದಂತೆ ತೋಳಿನಿಂದ ಒರೆಸಿಕೊಳ್ಳುತ್ತಾ ಬರೆದಳು. ಗುಳ್ಳೆ ತುಂಬಿತು, ಒಂದಕ್ಷರ ಹೆಚ್ಚಾಗಲಿಲ್ಲ, ಕಡಿಮೆಯೂ ಆಗಲಿಲ್ಲ.

ದೆಲ್ಫಿನಾ ಅದನ್ನು ಓದಿದಳು. ಅಳಲಿಲ್ಲ. "ಈಗ ಸರಿಹೋಯ್ತು," ಎಂದಳು. ಪೆನ್ಸಿಲ್ ವಾಪಸು ತೆಗೆದುಕೊಂಡು, "ಇದು ಯಾವತ್ತಿನ ಮಾತು?" ಎಂದು ಕೇಳಿದಳು.

"ಮೇ ತಿಂಗಳು."

"ಮೇ ತಿಂಗಳಲ್ಲಿ ನಾನು ಓಡಾಡ್ತಿದ್ದೆ ಕಣೇ." ಧ್ವನಿ ಈಗ ಒಡೆಯಿತು. "ಬ್ರೆಡ್ಡು ತರೋಕೆ ನಾನೇ ಹೋಗ್ತಿದ್ದೆ. ಬಸ್ಸು ಹತ್ತಬಹುದಿತ್ತು. ನೆಲಿ ಮನೆ ಬಾಗಿಲು ನಾನೇ ತಟ್ಟಬಹುದಿತ್ತು. ಪಥ್ಯ ಅಂತ ಬೇಯಿಸಿದ ಕುಂಬಳಕಾಯಿ ತಿನ್ನಿಸ್ಕೊಂಡು ಕೂರಿಸಿದ್ರಲ್ಲೇ ನನ್ನ, ಸೆಪ್ಟೆಂಬರ್ ಸೆಪ್ಟೆಂಬರ್ ಅಂತ!"

ಸಂಜೆ ಒಸ್ವಾಲ್ದೊ ಬಂದ. ವಿಷಯ ತಿಳಿದದ್ದೇ ತಂಗಿಯ ಮೇಲೆ ಹರಿಹಾಯ್ದ. ಆಮೇಲೆ ತಾಯಿಯ ಕಡೆ ತಿರುಗಿ, "ನೀನು ಅಜ್ಜಿಗೆ ಮಾಡಿದ್ದನ್ನೇ ನಾನು ನಿಂಗೆ ಮಾಡಿದ್ದು. ನಿನ್ನಿಂದಲೇ ಕಲಿತಿದ್ದು," ಎಂದ.

ದೆಲ್ಫಿನಾ ಮಗನನ್ನು ಹತ್ತಿರ ಕೂರಿಸಿಕೊಂಡಳು. "ಹೌದಪ್ಪ, ನನ್ನಿಂದಲೇ ಕಲಿತಿದ್ದು," ಎಂದಳು. "ನೆಲಿಗೆ ಫೋನ್ ಮಾಡು."

ನೆಲಿ ಫೋನು ಎತ್ತಿದಳು, ಬರುತ್ತೇನೆ ಎಂದಳು. ಆದರೆ ಆ ವಾರವೇ ನದಿಯ ನಡುಗಡ್ಡೆಗಳಿಗೆ ಬೆಂಕಿ ಬಿದ್ದಿತ್ತು. ದನ ಮೇಯಿಸಲು ಹುಲ್ಲು ಸುಡುವವರ ಮನೆ ಹಾಳಾಗಲಿ, ವರ್ಷಾ ವರ್ಷಾ ಇದೇ ಗೋಳು. ಹೊಗೆ ಕವಿದು ಸೇತುವೆಯ ರಸ್ತೆ ಮುಚ್ಚಿದರು, ಬಸ್ಸು ನಿಂತಿತು. ನಾಳೆ ತೆರೆಯಬಹುದು, ನಾಡಿದ್ದು ತೆರೆಯಬಹುದು ಎಂದು ನೆಲಿ ಆ ದಡದಲ್ಲಿ ಕಾದಳು, ದೆಲ್ಫಿನಾ ಈ ದಡದಲ್ಲಿ. ಕಿಟಕಿ ಮುಚ್ಚಿದ್ದರೂ ಕೋಣೆಯೆಲ್ಲ ಹೊಗೆ ವಾಸನೆ.

"ಫೋನಲ್ಲೇ ಮಾತಾಡಮ್ಮ," ಎಂದಳು ಮಿರ್ತಾ.

"ಫೋನಲ್ಲಿ ಆಡೋ ಮಾತಲ್ಲ ಅದು."

"ಹಾಗಾದ್ರೆ ನನಗೆ ಹೇಳು, ನಾನು ಹೇಳ್ತೀನಿ."

"ನನ್ನ ಪರವಾಗಿ ನೀವಿಬ್ರೂ ಮಾತಾಡಿದ್ದು ಸಾಕು ಮಾರಾಯ್ತಿ. ಒಂದು ಪುಟ ಬರಿ. ಒಂದು ಬಾಗಿಲು, ಹೊಸ್ತಿಲಿನ ಆಚೆ ನಾನು, ಈಚೆ ನೆಲಿ. ನನ್ನ ಗುಳ್ಳೆ ದೊಡ್ಡದಾಗಿರ್ಲಿ."

"ಎಷ್ಟು ದೊಡ್ಡದು?"

"ಕಾಗದ ಇರೋಷ್ಟು."

ಮಿರ್ತಾ ಬರೆದುಕೊಟ್ಟಳು. ದೆಲ್ಫಿನಾ ಒಂದಿಡೀ ಮಧ್ಯಾಹ್ನ ತಗೊಂಡು, ಸ್ಕೇಲು ಜಾರಿದಾಗೆಲ್ಲ ಬಯ್ದುಕೊಳ್ಳುತ್ತಾ, ಗುಳ್ಳೆಯ ತುಂಬ ಗೆರೆ ಎಳೆದಳು. ನಿಬ್ಬು ಅದ್ದಿ 'ನೆಲಿ' ಎಂದು ಬರೆದು ಒಂದು ಅಲ್ಪವಿರಾಮ ಹಾಕಿದಳು. ಆಮೇಲೆ ನೋವು ಬಂತು. ನರ್ಸು ಮಾರ್ಫಿನ್ ಕೊಟ್ಟಳು. "ನಾಳೆ ಮುಗಿಸ್ತೀನಿ, ಶಾಯಿ ಮುಚ್ಚಿಡು," ಎಂದು ದೆಲ್ಫಿನಾ ಕಣ್ಣು ಮುಚ್ಚಿದಳು. ಮತ್ತೆ ಅವಳಿಗೆ ಸರಿಯಾಗಿ ಎಚ್ಚರವಾಗಲಿಲ್ಲ.

ರಸ್ತೆ ತೆರೆದ ದಿನ ಮೊದಲ ಬಸ್ಸಿಗೇ ನೆಲಿ ಬಂದಳು. ಅಕ್ಕನ ಕೈ ಹಿಡಿದು ಕೂತಳು, ಹೆಸರು ಹಿಡಿದು ಕರೆದಳು. ಅಕ್ಕ ಉಸಿರಾಡುತ್ತಿದ್ದಳು, ಅಷ್ಟೇ. ಮರುದಿನ ಅದೂ ನಿಂತಿತು.

ಮಣ್ಣು ಮಾಡಿ ಬಂದ ಮೇಲೆ ಮಿರ್ತಾ ಆ ಪುಟವನ್ನು ಚಿಕ್ಕಮ್ಮನ ಮುಂದಿಟ್ಟಳು. ಕೊಡದೆ ಇಟ್ಟುಕೊಳ್ಳಲು ಅವಳಿಗೆ ಮನಸ್ಸು ಒಪ್ಪಲಿಲ್ಲ. ನೆಲಿ ಕನ್ನಡಕ ಹಾಕಿಕೊಂಡು ತನ್ನ ಹೆಸರನ್ನು ನೋಡಿದಳು. ಅದರ ಕೆಳಗಿನ ಖಾಲಿ ಗೆರೆಗಳ ಮೇಲೆ ಒಂದೊಂದಾಗಿ ಬೆರಳಾಡಿಸಿದಳು.

"ಏನು ಬರೀಬೇಕು ಅಂತಿದ್ಲು?"

"ಗೊತ್ತಿಲ್ಲ ಚಿಕ್ಕಮ್ಮ. ನಂಗೆ ಹೇಳ್ಲಿಲ್ಲ."

"ಬಯ್ಯೋಕಿತ್ತೋ ಏನೋ."

"ಇರಬಹುದು. ಗೊತ್ತಿಲ್ಲ."

ಸಾಯುವ ತಾಯಿಗೂ ನಿಜವನ್ನೇ ಹೇಳಿದ್ದ, ಅದಕ್ಕಾಗಿ ಅಕ್ಕನನ್ನೇ ಕಳೆದುಕೊಂಡಿದ್ದ ಆ ಹೆಂಗಸು ಮಿರ್ತಾಳ ಎರಡೂ ಕೈ ಹಿಡಿದುಕೊಂಡಳು.

"ಸುಳ್ಳಾದ್ರೂ ಹೇಳೇ ನನ್ನವ್ವ. ನಿನ್ನ ಕಾಲಿಗೆ ಬೀಳ್ತೀನಿ, ಒಂದೇ ಒಂದು ಸುಳ್ಳು ಹೇಳು."

ಮಿರ್ತಾ ಬಾಯಿ ತೆರೆದಳು. ಸುಳ್ಳು ಕೇಳದ ತಾಯಿಗೆ ಎರಡು ತಿಂಗಳು ಸುಳ್ಳು ಹೇಳಿದ್ದಳಲ್ಲ, ಕೇಳುತ್ತಿರುವ ಚಿಕ್ಕಮ್ಮನಿಗೆ ಒಂದೂ ಬಾಯಿಗೆ ಬರಲಿಲ್ಲ.