ಒಂದು ಶನಿವಾರದ ಶರಣು

ಅಮೋಘಪ್ಪನಿಗೆ ಸೈಕಲ್ಲು ಹೊಡೆಯಲು ಬರುತ್ತಿತ್ತು, ಹತ್ತಲು ಬರುತ್ತಿರಲಿಲ್ಲ. ಮೊಣಕಾಲೆತ್ತರದ ಕಲ್ಲು ಸಿಕ್ಕರೆ ಸುಬೇದಾರನ ಗತ್ತಿನಲ್ಲಿ ಏರಿ ಹೊರಡುತ್ತಿದ್ದ. ಸಿಗದಿದ್ದರೆ ಸಂತೆಯಿಂದ ತಂದ ಎಮ್ಮೆಯ ಹಾಗೆ ಅದನ್ನು ಹಿಡಿದುಕೊಂಡು ನಡೆಯುತ್ತಿದ್ದ.

ಅವನು ಕಲಬುರಗಿಯ ಒಂದು ಕಚೇರಿಯಲ್ಲಿ ಕಾರಕೂನ. ಹೆಂಡತಿ ಮಲ್ಕಮ್ಮ ಮತ್ತು ಮೂರು ತಿಂಗಳ ಮಗಳು ಕಮಲಾಪುರದಲ್ಲಿ. ನಿಜಾಮರ ರಾಜ್ಯದಲ್ಲಿ ರಜೆ ಶುಕ್ರವಾರ ಒಂದೇ ದಿನ. ಹನ್ನೆರಡು ಕೋಸು ಚಕ್ಕಡಿಯಲ್ಲಿ ಹೋಗಿಬರುವುದಕ್ಕೇ ಎರಡು ದಿನ. ಅದಕ್ಕೇ ಈ ಹಳೆಯ ಸೈಕಲ್ಲು. ಗುರುವಾರ ಸಂಜೆ ಊರಿಗೆ, ಶನಿವಾರ ನಸುಕಿನಲ್ಲಿ ಸೀದಾ ಕಚೇರಿಗೆ.

ಮೊದಲ ಶನಿವಾರವೇ ಎಡವಟ್ಟಾಯಿತು. ಕಮಲಾಪುರ ದಾಟುವಷ್ಟರಲ್ಲಿ ಮೂರು ಕಟ್ಟೆ, ಮೂರರಲ್ಲೂ ಹಿರಿಯರು. ಗಾಡಿಯಾಗಲಿ ಕುದುರೆಯಾಗಲಿ, ಅವರ ಮುಂದೆ ಇಳಿದು ಶರಣು ಹೇಳಿಯೇ ಹೋಗುವುದು ಊರಿನ ರೀತಿ. ಇಳಿದ. ಹಿರಿಯರು ಕೂತ ಕಟ್ಟೆಗೆ ಕಾಲು ಕೊಟ್ಟು ಸೈಕಲ್ಲು ಏರುವುದುಂಟೇ? ಮುಂದಿನ ಕಲ್ಲಿನ ತನಕ ನಡೆದ. ಮತ್ತೆ ಕಟ್ಟೆ, ಮತ್ತೆ ಶರಣು, ಮತ್ತೆ ನಡಿಗೆ.

ಕಚೇರಿ ಮುಟ್ಟಿದಾಗ ಹತ್ತೂವರೆ. ಅವನ ಮೇಲಧಿಕಾರಿ, ಪೇಶಕಾರ ಬಿಸ್ಮಿಲ್ಲಾ ಸಾಹೇಬರು ಜೇಬಿನ ಗಡಿಯಾರ ತೆಗೆದರು.

“ಮುಂದಿನ ಶನಿವಾರ ಹತ್ತಕ್ಕ ನಿನ್ನ ಜಗಾದಾಗ ಇರಬೇಕು. ಇಲ್ಲಂದ್ರ ಜಗಾ ಇರ್ತದ, ನೀ ಇರಂಗಿಲ್ಲ.”

ಮುಂದಿನ ಶುಕ್ರವಾರ ಮಧ್ಯಾಹ್ನ ಮಲ್ಕಮ್ಮನಿಗೆ ಹೇಳಿದ. “ಇಳಿದ್ರ ನೌಕರಿ ಹೋಗ್ತದ, ಇಳೀಲಿಲ್ಲಂದ್ರ ಮರ್ಯಾದಿ ಹೋಗ್ತದ.”

“ಹತ್ತೂದು ಕಲೀರಿ.”

“ಒಂದ ದಿನದಾಗ?”

“ನಿಮ್ಮ ಮಗಳು ಒಂದ ದಿನದಾಗ ಮಗ್ಗಲಾಗೂದು ಕಲ್ತಾಳ.” ಆಮೇಲೆ ಮೆಲ್ಲಗೆ ಅಂದಳು, “ಮೊದಲಿನಂಗ ತಿಂಗಳಿಗೊಮ್ಮಿ ಬಂದ್ರ ಕೂಸು ನಿಮ್ಮ ಗುರುತು ಹಿಡಿಯಂಗಿಲ್ರಿ.”

ಶನಿವಾರ ಇಳಿಯುವುದಿಲ್ಲ ಎಂದು ಗಟ್ಟಿ ಮಾಡಿಕೊಂಡೇ ಹೊರಟ. ಮೊದಲ ಕಟ್ಟೆಯಲ್ಲಿ ಊರಿಗೇ ಹಿರಿಯನಾದ ಕಾಶಿರಾಯ ಕೂತಿದ್ದ. ಅಮೋಘಪ್ಪನ ಕಾಲುಗಳು ತಾವಾಗಿಯೇ ನಿಧಾನವಾದವು.

ಆಗ ಕಾಶಿರಾಯ ಕೂತಲ್ಲೇ ತಿರುಗಿ ಗೋಡೆಗೆ ಮುಖ ಮಾಡಿದ. ಪಕ್ಕದ ನಾಗಣ್ಣನೂ ತಿರುಗಿದ.

“ನಾಗಣ್ಣ, ಯಾರರ ಹೊಂಟಾರೇನು?”

“ನನಗ ಗ್ವಾಡಿ ಅಷ್ಟ ಕಾಣ್ಲಕತ್ತದ್ರಿ ಮುತ್ಯಾ.”

ಹಿಂದಿನ ಸಂಜೆ ನೀರಿಗೆ ಹೋದ ಮಲ್ಕಮ್ಮ ಯಾರ ಮುಂದೆ ಏನು ಹೇಳಿದ್ದಳೋ, ಉಳಿದೆರಡು ಕಟ್ಟೆಗಳಲ್ಲೂ ಬರೀ ಬೆನ್ನುಗಳು. ಹುಟ್ಟಿದಾಗಿನಿಂದ ಅಮೋಘಪ್ಪ ಕಾಶಿರಾಯನ ಮುಖ ಕಂಡಿದ್ದ. ಬೆನ್ನು ಕಂಡದ್ದು ಅದೇ ಮೊದಲು. ಬಾಗಿದ, ಎಲುಬು ಎಣಿಸಬಹುದಾದ ಬೆನ್ನು. ಅದನ್ನು ತನಗಾಗಿ ತಿರುಗಿಸಿಕೊಂಡಿದ್ದ ಮುದುಕ. ಅಮೋಘಪ್ಪನಿಗೆ ಸಂತೋಷವೋ ನಾಚಿಕೆಯೋ ತಿಳಿಯಲಿಲ್ಲ. ಸುಮ್ಮನೆ ತುಳಿದ.

ಹತ್ತಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಬಿಸ್ಮಿಲ್ಲಾ ಸಾಹೇಬರು ಗಡಿಯಾರ ನೋಡಿದರು, ಆಮೇಲೆ ನಿಂತುಹೋಗಿದೆಯೇನೋ ಎಂದು ಕಿವಿಗಿಟ್ಟು ಕೇಳಿದರು.

ಗುರುವಾರ ಸಂಜೆ ಊರಿಗೆ ಬಂದವನು ಕಟ್ಟೆಯ ಮುಂದೆ ಇಳಿದು, ಬಾಗಿ ಎರಡು ಸಲ ಶರಣು ಮಾಡಿದ.

“ಎರಡ್ಯಾಕೋ?” ಅಂದ ಕಾಶಿರಾಯ.

“ಒಂದು ಶನಿವಾರದ್ದ್ರಿ, ಮುತ್ಯಾ.”